ಗುಡ್ಡ ಹಿಡಿದ ಶಟ್ಟೆವ್ವ

ರಾಮದುರ್ಗದ ದಾರಿಗೆ ಹೊಂದಿಕೊಂಡ ಜಾಲಿಮಟ್ಟಿ ಎಂಬ ಊರಿನಲ್ಲಿ ಶಟ್ಟೆವ್ವನ ಬಾಯಿಗೆ ಅಂಜದ ಜೀವಗಳು ಎರಡೇ. ಒಂದು ಅವಳ ಬೂದಿ ಬಣ್ಣದ ಎಮ್ಮೆ, ಇನ್ನೊಂದು ಆಡು ಕಾಯುವ ಮಾಳಪ್ಪ. ಎಮ್ಮೆಗೆ ಬೈಗುಳ ತಿಳಿಯುತ್ತಿರಲಿಲ್ಲ. ಮಾಳಪ್ಪನಿಗೆ ತಿಳಿದರೂ ನಾಟುತ್ತಿರಲಿಲ್ಲ.

ಅವಳ ಸಿಟ್ಟು ಊರಿಗೆ ಬೇಕಾಗಿತ್ತು. ಊರ ಬೆನ್ನಿಗಿರುವ ಗುಡ್ಡ ಸರ್ಕಾರದ್ದು. ದನ ಮೇಯಲೆಂದು ಬಿಟ್ಟ ಗಾಯರಾಣ. ಕಾರಹುಣ್ಣಿಮೆಯ ಮರುದಿನ ಊರವರು ಗುಡ್ಡದ ದಾರಿಗೆ ಜಾಲಿಮುಳ್ಳು ಜಡಿದು ಮುಚ್ಚುತ್ತಿದ್ದರು. ಇದಕ್ಕೆ ಗುಡ್ಡ ಹಿಡಿಯುವುದು ಎನ್ನುತ್ತಾರೆ. ಅಂದಿನಿಂದ ಮಳೆಗಾಲ ಮುಗಿಯುವ ಶೀಗಿಹುಣ್ಣಿಮೆಯ ತನಕ ಒಂದು ದನ, ಒಂದು ಆಡು ಮೇಲೆ ಹತ್ತುವಂತಿಲ್ಲ. ಮಳೆ ಕುಡಿದ ಹುಲ್ಲು ಎದ್ದು ನಿಂತು, ತೆನೆ ಹಿಡಿದು, ಬೀಜ ಉದುರಿಸಬೇಕು. ಆಮೇಲೆ ಗುಡ್ಡ ಬಿಡುತ್ತಾರೆ. ಮನೆಗೊಂದು ಕುಡುಗೋಲು ಹೋಗಿ ಹುಲ್ಲು ಕೊಯ್ದು ತರುತ್ತದೆ, ಉಳಿದದ್ದು ಬೇಸಿಗೆಯವರೆಗೆ ದನಗಳ ಪಾಲು. ಸುತ್ತಲಿನ ಊರವರು ಮೇವಿಲ್ಲದೆ ಎತ್ತುಗಳನ್ನು ಬೈಲಹೊಂಗಲದ ಸಂತೆಗೆ ಹೊಡೆದ ವರ್ಷವೂ ಜಾಲಿಮಟ್ಟಿಯ ಗೂಟಗಳು ಖಾಲಿಯಾಗಿರಲಿಲ್ಲ.

ಕಟ್ಟು ಮುರಿದವರಿಗೆ ದಂಡವಿತ್ತು. ದನವನ್ನು ಕೊಂಡವಾಡಿಗೆ, ಅಂದರೆ ಊರಬಾಗಿಲಾದ ಅಗಸಿಯ ಪಕ್ಕದ ಕಲ್ಲಿನ ದೊಡ್ಡಿಗೆ ತುರುಕುವುದು. ಒಡೆಯ ಹಳ್ಳಕ್ಕೆ ಹೋಗಿ ಮುಳ್ಳು ಕಡಿದು ತಂದು, ಬೇಲಿಗೆ ಹಚ್ಚಿದ ಮೇಲೆಯೇ ಬಿಡುವುದು. ಅಗಸಿಯಿಂದ ಮುಳ್ಳು ಎಳೆದುಕೊಂಡು ಹೋಗುವಾಗ ಊರೆಲ್ಲ ನೋಡುತ್ತದೆ. ದಂಡ ಇರುವುದು ಆ ನೋಟದಲ್ಲಿ.

ಗುಡ್ಡ ಕಾಯುವ ಕೆಲಸ ಶಟ್ಟೆವ್ವನ ಗಂಡ ಯಮನಪ್ಪನದಾಗಿತ್ತು. ಅವನು ತೀರಿಕೊಂಡಾಗ ಹಿರಿಯರು ಇನ್ನೊಬ್ಬ ಗಂಡಸನ್ನು ಹುಡುಕಲು ಕೂತರು. ಅವರು ಹುಡುಕುತ್ತಿರುವಾಗಲೇ ಶಟ್ಟೆವ್ವ ಗಂಡನ ಬಡಿಗೆ ಹಿಡಿದು ಗುಡ್ಡದ ಬುಡಕ್ಕೆ ಹೋಗಿ ಕೂತಳು. ಮೊದಲ ವಾರದಲ್ಲೇ ಆ ಹಿರಿಯರಲ್ಲೊಬ್ಬರ ಎತ್ತನ್ನು ಹಿಡಿದು ಕೊಂಡವಾಡಿಗೆ ತುರುಕಿದಳು. ಆಮೇಲೆ ಯಾರೂ ಗಂಡಸನ್ನು ಹುಡುಕಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಬಿಳಿ ಜೀಪೊಂದು ಬಂದು ಮುಳ್ಳುಬೇಲಿಯ ಮುಂದೆ ನಿಂತಿತು. ಇಳಿದವರು ಸರ್ವೆಯವರು. ಶಟ್ಟೆವ್ವ ಅವರಿಗೆ ಮಜ್ಜಿಗೆ ಕೊಟ್ಟಳು. ಕುಡಿದು ಮೀಸೆ ಒರೆಸಿಕೊಂಡ ಒಬ್ಬ ಕೇಳಿದ.

“ಯವ್ವಾ, ಈ ಗುಡ್ಡದಾಗ ದನಾ ಮೇಯ್ತಾವೇನು?”

ಅದು ತನ್ನ ಕಾವಲಿನ ಮೇಲೆ ಹಾಕಿದ ಅನುಮಾನದಂತೆ ಶಟ್ಟೆವ್ವನಿಗೆ ಕೇಳಿಸಿತು.

“ಯಾರ ಹೇಳ್ಯಾರ್ರಿ ನಿಮಗ? ಒಂದು ಆಡಿನ ಹಿಕ್ಕಿ ತೋರಸ್ರಿ ನೋಡೂಣು. ನಾ ಇಲ್ಲಿ ಕುಂತಿರೂತನಕ ಒಂದು ಗೊರಸು ಮ್ಯಾಲೆ ಹೋಗಂಗಿಲ್ಲ.”

“ಖರೇನ?”

“ನನ್ನ ಮಾತು ಬ್ಯಾಡ. ಅಡ್ಡಾಡಿ ನೋಡಿ ಬರ್ರಿ.”

ಅವರು ಅಡ್ಡಾಡಿ ನೋಡಿದರು. ಹೆಜ್ಜೆಯಿಲ್ಲ, ಸಗಣಿಯಿಲ್ಲ. ಇಳಿದು ಬಂದು ಬರೆದುಕೊಳ್ಳುತ್ತ ಅವನೆಂದ, “ಖರೇನ ಹೇಳೀದಿ ಬಿಡವಾ.” ಶಟ್ಟೆವ್ವ ಹಿಗ್ಗಿದಳು. ಸಂಜೆಯೆಲ್ಲ ಓಣಿಯಲ್ಲಿ ಅದೇ ಮಾತು: ಸರ್ಕಾರದವರು ಬಂದು ತನ್ನ ಕಾವಲು ನೋಡಿ ಮೆಚ್ಚಿ ಹೋದರು.

“ಪದಕಾ ಗಿದಕಾ ಕೊಟ್ರ ನನ್ನ ಹೋತಿನ ಕೊಳ್ಳಿಗೆ ಕಟ್ಟು ಚಿಗವ್ವ,” ಎಂದ ಮಾಳಪ್ಪ. “ಅದರ ಗಂಟಿ ಕಳದೈತಿ.”

ಈ ವರ್ಷ ನಾಗರ ಪಂಚಮಿ ಆದಮೇಲೆ ಪಂಚಾಯಿತಿಯ ಗೋಡೆಗೆ ನೋಟೀಸು ಬಿತ್ತು. ಪಂಚಾಯಿತಿ ಮೆಂಬರ ವಿರೂಪಾಕ್ಷಪ್ಪ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. ಗುಡ್ಡದ ಹೊಟ್ಟೆಯಲ್ಲಿ ಸುಣ್ಣದ ಕಲ್ಲಿದೆ, ಅದನ್ನು ತೆಗೆಯಲು ಒಂದು ಸಿಮೆಂಟ್ ಕಂಪನಿಗೆ ಗುತ್ತಿಗೆ ಕೊಡುವ ವಿಚಾರವಿದೆ. ಸದರಿ ಸರ್ಕಾರಿ ಜಮೀನು ದನಕರುಗಳ ಮೇವಿಗೆ ಬಳಕೆಯಾಗುತ್ತಿಲ್ಲವೆಂದು ಸ್ಥಳ ನೋಡಿದ್ದರಿಂದಲೂ ಗ್ರಾಮಸ್ಥರ ಹೇಳಿಕೆಯಿಂದಲೂ ಕಂಡುಬಂದಿದೆ. ತಕರಾರು ಇದ್ದವರು ಹೇಳಿಕೊಳ್ಳಬಹುದು.

“ಗ್ರಾಮಸ್ಥರು ಅಂದ್ರ ಯಾರ್ರಿ?” ಎಂದಳು ಶಟ್ಟೆವ್ವ.

“ನೀನ. ಬ್ಯಾರೆ ಯಾರು ಕುಂತಿದ್ರು ಅಲ್ಲಿ?”

ಮಂದಿ ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು, ಯಾರನ್ನಾದರೂ ಬೈಯಬಹುದಿತ್ತು. ಅವಳು ಮನೆಗೆ ಬಂದು ಒಲೆಯ ಮುಂದೆ ಕೂತಳು, ಒಲೆ ಹೊತ್ತಿಸಲಿಲ್ಲ. ಅವರು ಸುಳ್ಳು ಬರೆದಿದ್ದರೆ ಅವರ ಮನೆತನ ಎತ್ತಿ ಜಾಡಿಸುತ್ತಿದ್ದಳು. ಬರೆದದ್ದೆಲ್ಲ ಅವಳ ಬಾಯಿಯ ಮಾತೇ. ಹುಲ್ಲನ್ನು ಮಕ್ಕಳ ಹಾಗೆ ಕಾಪಾಡಿದ್ದಕ್ಕೆ ಗುಡ್ಡ ಬಂಜರು ಅನ್ನಿಸಿಕೊಂಡಿತು. ಕಾಯದೆ ಬಿಟ್ಟು, ಮೇಯಿಸಿ ಬೋಳು ಮಾಡಿದ್ದರೆ ಗಾಯರಾಣವಾಗಿಯೇ ಉಳಿಯುತ್ತಿತ್ತು. ಇದು ಎಂಥ ನ್ಯಾಯ ಎಂದು ನೆನೆದಷ್ಟೂ ಅವಳ ಎದೆಯಲ್ಲಿ ಬೆಂಕಿ ಎದ್ದು, ಸುಡಲು ಏನೂ ಸಿಗದೆ ಅಲ್ಲೇ ಉರಿಯಿತು.

ಮರುದಿನ ಬಸ್ಸು ಹತ್ತಿ ತಾಲೂಕಿನ ಊರಿಗೆ ಹೋದಳು. ಗುತ್ತಿಗೆಯ ವಿಚಾರ ನೋಡುವ ಸಾಹೇಬರು ಮೈಸೂರು ಕಡೆಯವರು. ಅವಳನ್ನು ಕೂರಿಸಿ ಮಾತಾಡಿಸಿದರು.

“ಮೇಯಲ್ಲ ಅಂತ ನೀವೇ ಹೇಳಿದ್ರಂತಲ್ಲಮ್ಮ.”

“ಮಳಿಗಾಲದಾಗ ಮೇಯಂಗಿಲ್ರಿ. ಶೀಗಿಹುಣ್ಣಿವಿ ಆದಮ್ಯಾಲೆ ಬಂದು ನೋಡ್ರಿ. ಕಲ್ಲಿಗಿಂತ ದನಾನ ಹೆಚ್ಚಿರ್ತಾವು.”

“ಅಷ್ಟು ದಿನ ಕಾಯೋಕಾಗಲ್ಲ. ಈ ತಿಂಗಳೊಳಗೆ ನನ್ನ ವರದಿ ಹೋಗಬೇಕು. ನಿಮ್ಮ ತಕರಾರು ಇದೆ ಅಂತ ಸೋಮವಾರ ನಾನೇ ಬರ್ತೀನಿ. ಕಂಡದ್ದು ಬರೀತೀನಿ.”

“ಸೋಮವಾರ ಗುಡ್ಡ ಹಿಡದಿರ್ತೈತ್ರಿ. ಏನೂ ಕಾಣಂಗಿಲ್ಲ.”

“ಹಾಗಾದ್ರೆ ಏನೂ ಕಾಣಲಿಲ್ಲ ಅಂತ ಬರೀತೀನಿ. ಇನ್ನೇನು ಮಾಡಲಿ ಹೇಳಿ.”

ಸಾಹೇಬರು ಕೆಟ್ಟವರಾಗಿರಲಿಲ್ಲ. ಅವಳಿಗೆ ಚಹಾ ತರಿಸಿದರು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು. ಚಹಾ ಕುಡಿಸಿದವರನ್ನು ಬೈಯುವುದು ಹೇಗೆ? ಲೋಟ ಮುಟ್ಟದೆ ಎದ್ದು ಬಂದಳು.

ಆ ಸಂಜೆ ಹಣಮಪ್ಪನ ಗುಡಿಯ ಕಟ್ಟೆಗೆ ಊರು ಕೂಡಿತು.

“ಗುಡ್ಡ ಸರ್ಕಾರದ್ದು, ನಮ್ಮಪ್ಪಂದಲ್ಲ,” ಎಂದ ವಿರೂಪಾಕ್ಷಪ್ಪ. ಟಿಪ್ಪರ್ ಕೊಳ್ಳುವ ಆಸೆ ಅವನ ಮಾತಿನಲ್ಲೇ ಓಡುತ್ತಿತ್ತು. “ಗಾಡಿ ಓಡ್ತಾವು. ನಾಕ ಮಂದಿಗೆ ಕೆಲಸ ಸಿಗತೈತಿ.”

“ನಿಮ್ಮ ಎತ್ತು ಟಿಪ್ಪರಿನ ಹೊಗಿ ಮೇಯ್ತಾವೇನ್ರಿ ವಿರೂಪಾಕ್ಷಪ್ಪಾರ?” ಎಂದಳು ಶಟ್ಟೆವ್ವ. “ಈಗ ಹೇಳ್ರಿ, ಅವಕ್ಕ ರೂಢಿ ಮಾಡಸ್ತೇನಿ.”

ಕಟ್ಟೆ ನಕ್ಕಿತು. ನಗು ನಿಲ್ಲುವವರೆಗೆ ಕಾದು ಅವಳು ಮುಂದಿನ ಮಾತು ಹೇಳಿದಳು.

“ಸೋಮವಾರ ದನಾ ಹತ್ತಸ್ರಿ. ಎಲ್ಲಾರ ದನಾನೂ.”

ಗುಡ್ಡ ಹಿಡಿದ ಕಾಲದಲ್ಲಿ ಆ ಮಾತು ಆ ಬಾಯಿಯಿಂದ ಬರುವುದೆಂದರೆ, ಗುಡಿಯ ಪೂಜಾರಿ ಗರ್ಭಗುಡಿಗೆ ಚಪ್ಪಲಿ ಮೆಟ್ಟಿ ಬನ್ನಿ ಎಂದಂತೆ. ಅದಕ್ಕೆ ಎದುರಾಡಿದವಳು ಊರಿನಲ್ಲೇ ಹಿರಿಯಳಾದ ರಾಚವ್ವ.

“ಹುಲ್ಲು ತೆನಿ ಬಿಡೂ ಹೊತ್ತು, ಶಟ್ಟಿ. ಈಗ ತುಳಿಸಿದ್ರ ಬರೂ ವರ್ಷಕ್ಕ ಬೀಜ ಎಲ್ಲಿಂದ ತರ್ತಿ?”

“ಗೊತ್ತೈತಿ ಯಕ್ಕಾ. ಗುಡ್ಡನ ಹೋದ್ರ ಬೀಜ ಎಲ್ಲಿ ಬಿತ್ತಲಿ?”

ಸೋಮವಾರ ಬೆಳಗ್ಗೆ ಅವಳೇ ಮುಳ್ಳು ಎಳೆದು ದಾರಿ ಬಿಟ್ಟಳು. ಊರ ದನಗಳೆಲ್ಲ ಬುಡದಲ್ಲಿ ನೆರೆದವು. ಮರೆಯಲ್ಲಿ ತನ್ನ ಎತ್ತುಗಳನ್ನೂ ಕಳಿಸಿದ್ದ ವಿರೂಪಾಕ್ಷಪ್ಪ. ಆದರೆ ದನಗಳು ಒಳಗೆ ಹೋಗಲೊಲ್ಲವು. ಎಷ್ಟೋ ಮಳೆಗಾಲಗಳಿಂದ ಅದೇ ಜಾಗದಲ್ಲಿ, ಅದೇ ಬಡಿಗೆಯಿಂದ ಮುಖಕ್ಕೆ ಪೆಟ್ಟು ತಿಂದಿದ್ದವು. ಹಸಿರು ಕಣ್ಣೆದುರಿಗೆ ತೂಗುತ್ತಿದ್ದರೂ ಮುದಿ ಎತ್ತುಗಳು ಬೇಲಿಯ ಗೆರೆಗೆ ಬಂದು ನಿಂತು ಶಟ್ಟೆವ್ವನನ್ನು ನೋಡಿದವು. ಅವಳು ತನ್ನ ಎಮ್ಮೆಯ ಹಿಂದೆ ಹೋಗಿ, ತೋಳು ಬೀಸಿ ಹೊಡೆದಳು. ಅದು ಅಲುಗಲಿಲ್ಲ. ಮತ್ತೆ ಹೊಡೆದಳು. ಹೋಗಬೇಡ ಎಂದು ಕಲಿಸಿದ ಕೈ ಈಗ ಹೋಗು ಎಂದು ಹೊಡೆಯುತ್ತಿತ್ತು. ಎಮ್ಮೆ ಒಳಗೆ ಕಾಲಿಟ್ಟಾಗ ಹುಲ್ಲು ಮುರಿದ ಸದ್ದು ಅವಳಿಗೆ ಕೇಳಿಸಿತು. ಉಳಿದವು ಹಿಂದೆ ನುಗ್ಗಿದವು.

ಸಾಹೇಬರು ಬಂದಾಗ ಗುಡ್ಡದ ತುಂಬ ದನ. ಅವರು ಒಂದಿಷ್ಟು ಮೇಲೆ ಹತ್ತಿ, ಹುಲ್ಲಿನ ನಡುವೆ ನಿಂತರು. ಅದು ಅವರ ಮೊಣಕಾಲು ಮುಚ್ಚಿತ್ತು.

“ದಿನಾ ದನ ಮೇಯೋ ಜಾಗದಲ್ಲಿ ಇಷ್ಟೆತ್ತರ ಹುಲ್ಲು ಇರಲ್ಲಮ್ಮ,” ಎಂದರು. “ಇವತ್ತೇ ಬಿಟ್ಟಿದ್ದೀರಿ.”

“ಹೌದ್ರಿ. ಇವತ್ತ ಬಿಟ್ಟೇವಿ. ಕಾದು ಇಟ್ಟಿದ್ದನ್ನ ನಿಮ್ಮ ಸಲುವಾಗಿ ತುಳಿಸೇನಿ. ಕಾದದ್ದನ್ನ ಬರಕೊಳ್ರಿ ಅಂದ್ರ ನೀವು ಬರಕೊಳ್ಳಂಗಿಲ್ಲ. ಹಾಳು ಮಾಡಿದ್ದು ಬೇಕು ನಿಮಗ. ತಗೋರಿ, ಮಾಡಿ ತೋರಿಸೇನಿ. ಇನ್ನಷ್ಟು ತುಳಿಸಲೇನು?”

ಸಾಹೇಬರು ಚೀಲದಿಂದ ವರದಿಯ ಹಾಳೆ ತೆಗೆದರು.

“ಕಾದಿಟ್ಟ ಹುಲ್ಲು ಅಂತ ಬರೆಯೋಕೆ ನಮ್ಮಲ್ಲಿ ಕಾಲಂ ಇಲ್ಲ,” ಎಂದರು ಮೆಲ್ಲಗೆ. “ಮೇಯ್ತಾ ಇದ್ದಾವೆ ಅಂತ ಬರೀತೀನಿ. ಅದಾದ ಮೇಲೆ ಈ ಗುತ್ತಿಗೆ ಮುಂದಕ್ಕೆ ಹೋಗಲ್ಲ. ಸದ್ಯಕ್ಕೆ.”

ಊರು ಹಿಗ್ಗಿತು. ಕಟ್ಟೆಯ ಮೇಲೆ ಚುರಮುರಿ ಹಂಚಿದರು. ಶಟ್ಟೆವ್ವ ಬರಲಿಲ್ಲ. ದನಗಳು ಇಳಿದ ಮೇಲೆ ಅವಳೊಬ್ಬಳೇ ಗುಡ್ಡ ಹತ್ತಿದಳು. ನೆಲಕ್ಕೊರಗಿದ ದಂಟುಗಳನ್ನು ಒಂದೆರಡು ಕಡೆ ಎತ್ತಿ ನಿಲ್ಲಿಸಿ ನೋಡಿದಳು. ಕೈ ಬಿಟ್ಟೊಡನೆ ಮಲಗಿದವು. ಯಮನಪ್ಪ ಸತ್ತಾಗ ಅಳದಿದ್ದವಳು ಅಲ್ಲಿಯೂ ಅಳಲಿಲ್ಲ. ಸರ್ಕಾರವನ್ನು, ಕಂಪನಿಯನ್ನು, ಜೀಪಿನವನ ಮಜ್ಜಿಗೆ ಮೀಸೆಯನ್ನು, ಕಡೆಗೆ ತನ್ನ ನಾಲಗೆಯನ್ನು ಬೈಯುತ್ತ ಇಳಿದು ಬಂದಳು.

ಮರುದಿನ ಮುಳ್ಳು ಹಚ್ಚಲು ಹೋದಾಗ ಮಾಳಪ್ಪನ ಆಡುಗಳು ಆಗಲೇ ದಾರಿಯಲ್ಲಿದ್ದವು. ಅವನ ಹಿಂದೆ ಇನ್ನೂ ನಾಲ್ಕಾರು ಮಂದಿ ದನ ಹೊಡೆದುಕೊಂಡು ಬಂದಿದ್ದರು.

“ಹೊಳ್ಳಸ್ರಿ,” ಎಂದಳು.

“ಯಾಕ ಚಿಗವ್ವ?” ಎಂದ ಮಾಳಪ್ಪ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. “ನಿನ್ನೆ ಹತ್ತಿಸಿದಾಕಿ ನೀನ ಅಲ್ಲ? ನಿನ್ನೆ ಇಲ್ಲದ ಕಟ್ಟು ಇವತ್ತ ಎಲ್ಲಿಂದ ಬಂತು?”

ಶಟ್ಟೆವ್ವ ಬಡಿಗೆಯನ್ನು ದಾರಿಗೆ ಅಡ್ಡ ಇಟ್ಟು, ಬೆನ್ನು ತಿರುಗಿಸಿ ಊರಿನ ಕಡೆ ನಡೆದಳು. ಮುದುಕಿ ಸೋತಳು ಎಂದುಕೊಂಡರು. ಆದರೂ ಬಡಿಗೆ ದಾಟಿ ಮೊದಲು ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತ ನಿಂತರು.

ಅವಳು ಮನೆಗೆ ಹೋಗಿ ಎಮ್ಮೆಯನ್ನು ಬಿಚ್ಚಿದಳು. ಇನ್ನೂ ಹಾಲು ಕರೆದಿರಲಿಲ್ಲ. ಹಾದಿ ಬಳಸದೆ, ನಡು ಊರಿನಿಂದಲೇ, ಕಟ್ಟೆಯ ಮುಂದೆಯೇ ಹೊಡೆದುಕೊಂಡು ಹೋಗಿ ಕೊಂಡವಾಡಿಗೆ ತುರುಕಿ, ಚಿಲಕ ಜಡಿದಳು. ಎಳೆ ಬಿಸಿಲಿಗೆ ಕೂತಿದ್ದ ರಾಚವ್ವ ಕೇಳಿದಳು.

“ಯಾರ ಎಮ್ಮಿ ಅದು?”

“ಕಟ್ಟು ಮುರದಾಕಿದು.”

ಕೊಡಲಿ ಹೆಗಲಿಗೇರಿಸಿ ಹಳ್ಳಕ್ಕೆ ಇಳಿದಳು. ಮುಳ್ಳು ಕಡಿದು, ಹಗ್ಗ ಬಿಗಿದು, ಅಗಸಿಯ ಮುಂದಿನಿಂದ ಎಳೆದಳು. ಊರೆಲ್ಲ ನೋಡಿತು. ಅವಳು ತಲೆ ತಗ್ಗಿಸಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಊರಿಗೆ ಹೆಚ್ಚು ಹೆದರಿಕೆ ತಂದದ್ದು ಅದೇ. ಹಿಂದೆ ಕೊಂಡವಾಡಿಯಲ್ಲಿ ಕೆಚ್ಚಲು ಬಿಗಿದ ಎಮ್ಮೆ ಒದರುತ್ತಿತ್ತು.

ಬೇಲಿಗೆ ಮೊದಲ ಮುಳ್ಳು ಹಚ್ಚಿ ಅವಳು ಮತ್ತೆ ಹಳ್ಳಕ್ಕೆ ಬಂದಾಗ, ಪಕ್ಕದ ಜಾಲಿಗೆ ಇನ್ನೊಂದು ಕೊಡಲಿ ಬಿದ್ದ ಸದ್ದು ಕೇಳಿತು. ಮಾಳಪ್ಪ ತಲೆಯ ಪಟಗದಿಂದ ಬೆವರು ಒರೆಸಿಕೊಳ್ಳುತ್ತಿದ್ದ.

“ಚಿಗವ್ವ, ಕೊಂಡವಾಡ್ಯಾಗ ನನ್ನ ಆಡು ಹಿಡಸವಲ್ಲವು. ನಿನ್ನ ಎಮ್ಮಿನ ಎಲ್ಲಾ ಜಾಗಾ ಹಿಡದೈತಿ. ಏನ ಮಾಡ್ಲಿ?”

“ತುರುಕು,” ಎಂದಳು ಶಟ್ಟೆವ್ವ, ತಿರುಗಿ ನೋಡದೆ.