ಎರಡು ಬೆರಳು ಗಿಡ್ಡ

ನಮ್ಮ ಬೈಕ್ ಸಾಮಾನಿನ ಅಂಗಡಿಗೆ ಪ್ರತಿ ಶನಿವಾರ ತಪ್ಪದೆ ಒಬ್ಬರು ಬರುತ್ತಾರೆ. ಕೈಯಲ್ಲಿ ಸದಾ ಅಳತೆಯ ಟೇಪು ಇರುವುದರಿಂದ ನಾವಿಟ್ಟ ಹೆಸರು ಟೇಪು ಮಾವ. ದೂರ ಪ್ರಯಾಣಕ್ಕೆಂದೇ ಕೊಂಡ ಅವರ ಬೈಕು ಪೇಟೆ ದಾಟಿದ್ದನ್ನು ಕಂಡವರಿಲ್ಲ, ಗತ್ತು ಮಾತ್ರ ಭೂಪ್ರದಕ್ಷಿಣೆಗೆ ಹೊರಟವರದು. ಹಿಂದಿನ ಕ್ಯಾರಿಯರ್ ಆರಿಸಲು ಅವರು ಪಡುವ ಪಾಡು ಮಗಳಿಗೆ ಗಂಡು ನೋಡುವವರೂ ಪಟ್ಟಿರಲಿಕ್ಕಿಲ್ಲ. ಅದನ್ನು ಹಿಡಿದು ಜೋತುಬೀಳುತ್ತಾರೆ, ಬೆಸುಗೆಯನ್ನು ಉಗುರಿನಿಂದ ಕೆರೆಯುತ್ತಾರೆ, ಅದರ ಮೇಲೆ ಕೂರಿಸುವ ಪೆಟ್ಟಿಗೆಯ ಮುಚ್ಚಳ ಹಾಕಿ ಬಕೆಟ್‌ಗಟ್ಟಲೆ ನೀರು ಸುರಿದು ಒಳಗೆ ತೇವವಿದೆಯಾ ಎಂದು ತಲೆ ತೂರಿಸಿ ಮೂಸುತ್ತಾರೆ. ಕೊನೆಗೆ ಬಟ್ಟೆ ಸುತ್ತಿದ ಏನನ್ನೋ ಅದರಲ್ಲಿಟ್ಟು, ಮುಚ್ಚಳ ಒತ್ತಿ, "ಎರಡು ಬೆರಳು ಗಿಡ್ಡ ಆಯ್ತಪ್ಪ" ಎಂದು ಎದ್ದೇಬಿಡುತ್ತಾರೆ. ಮೊನ್ನೆ ತಲೆಕೆಟ್ಟು ನಾನೇ ಆ ಬಟ್ಟೆ ಬಿಚ್ಚಿದೆ. ಒಳಗಿದ್ದದ್ದು ಮಡಚುವ ಊರುಗೋಲು. "ಇಷ್ಟಕ್ಕಾ ಮಾವ? ಹೊರಗಡೆನೇ ಹಗ್ಗ ಹಾಕಿ ಕಟ್ಟಿದ್ರಾಯ್ತಲ್ಲ!" ಎಂದು ರೇಗಿದೆ. ಅವರು ಬಟ್ಟೆಯನ್ನು ಮತ್ತೆ ಸುತ್ತುತ್ತಾ, "ನಿಮ್ಮತ್ತೇದು. ನಾಲ್ಕು ಜನಕ್ಕೆ ಕಾಣೋ ಹಾಗೆ ಕಟ್ಟಿದ್ರೆ ಅವಳು ಗಾಡಿ ಹತ್ತೋದೇ ಇಲ್ಲ" ಎಂದರು. ನಾನು ಅವರ ಕೈಯಿಂದ ಟೇಪು ಇಸಕೊಂಡು, ಅಟ್ಟದ ಮೇಲಿದ್ದ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಇಳಿಸತೊಡಗಿದೆ.