ರೆಬೆಕ್ಕಾ ಟೀಚರ ಮದುವೆಯ ಜಂಪರು

ಔರಾದಿನ ಶಾಲೆಯಲ್ಲಿ ಟೀಚರಾಗಿರುವ ನಮ್ಮ ಅತ್ತೆ ರೆಬೆಕ್ಕಾಗೆ ಐವತ್ತೆರಡು. ಮದುವೆಯಾಗಿ ಈ ಮೇ ತಿಂಗಳಿಗೆ ಮೂವತ್ತು ವರ್ಷ. ಮದುವೆಯಾದ ಭಾಲ್ಕಿಯ ಚರ್ಚಿನಲ್ಲೇ ಪ್ರಾರ್ಥನೆ ಇಡಬೇಕು, ಅಂದಿನ ಸೀರೆ, ಅಂದಿನದೇ ಜಂಪರು ತೊಡಬೇಕು ಎಂದು ಅವರ ಹಟ.

ಹರೆಯದಿಂದಲೂ ಅವರಿಗೆ ಪಿಸಿಓಎಸ್, ಮುಟ್ಟು ಏರುಪೇರಾಗಿ ತೂಕ ಏರುವ ತೊಂದರೆ. ಮುಟ್ಟು ನಿಂತ ಮೇಲೆ ತೂಕ ಮತ್ತೂ ಏರಿತು. ಟೇಲರ್ ಅಬ್ದುಲ ಗಫೂರ ಜಂಪರನ್ನು ತಿರುವಿ ನೋಡಿದರು. "ಟೀಚರಬಾಯಿ, ಮೂರ ಸಲ ಹೊಲಿಗಿ ಬಿಚ್ಚೀನ್ರಿ. ಒಳಗ ಇನ್ನ ಬಟ್ಟೀನೇ ಉಳಿದಿಲ್ಲ. ಈ ಸಲ ನೀವೇ ಸಣ್ಣಾಗಬೇಕ್ರಿ."

ಫೆಬ್ರವರಿಯಲ್ಲಿ ಬೀದರಿನ ಡಾಕ್ಟರ್ ಸುಮನ ಅವರ ಬಳಿ ಹೋದೆವು.

"ಮುಟ್ಟು ನಿಂತದಲ್ರಿ, ಈ ತ್ರಾಸ ಭೀ ನಿಲ್ಲಬೇಕಲ್ಲ?" ಎಂದು ಅತ್ತೆ ಕೇಳಿದರು.

"ಇನ್ಸುಲಿನ್ನಿನ ತಕರಾರ ನಿಂತಿಲ್ರಿ. ಊಟಕ್ಕ ಒಂದ ರೊಟ್ಟಿ, ಬ್ಯಾಳಿ-ಪಲ್ಯ ಜಾಸ್ತಿ. ದಿನಾ ನಡೀರಿ, ಕೈಕಾಲಿಗಿ ಕಸರತ್ತ ಮಾಡ್ರಿ."

ಅತ್ತೆ ಆಟೋ ಬಿಟ್ಟು ನಡೆದೇ ಶಾಲೆಗೆ ಹೊರಟರು. ಹತ್ತು ಕಿಲೋ ತೂಗುವ ನನ್ನ ಮಗಳು ಪರ್ಲಳನ್ನು ಎತ್ತಿಕೊಂಡು, ಎರಡರ ಮಗ್ಗಿ ಹೇಳಿ ಮುಗಿಯುವವರೆಗೆ ಕುರ್ಚಿಯಿಂದ ಎದ್ದು ಕೂತು ಮಾಡಿದರು. ಒಂದು ತಿಂಗಳಾದರೂ ತೂಕ ಇಳಿಯಲಿಲ್ಲ. ಮತ್ತೆ ಬೀದರಿಗೆ ಹೋದೆವು.

"ಒಂದ ಅಂದ್ರ ಒಂದೇ ರೊಟ್ಟಿ ತಿಂದೀನ್ರಿ," ಎಂದರು ಅತ್ತೆ; ಡಾಕ್ಟರ ಮುಂದೆ ಅಳುವುದೊಂದು ಬಾಕಿ. ನನಗೆ ಅನುಮಾನ ಬಂದು, ಮಧ್ಯಾಹ್ನಕ್ಕೆಂದು ಅವರು ಕಟ್ಟಿಕೊಂಡು ಬಂದಿದ್ದ ಊಟದ ಡಬ್ಬಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ನಾಲ್ಕು ಮಡಿಕೆ ಮಡಚಿದ್ದ ಜೋಳದ ರೊಟ್ಟಿ ಬಿಚ್ಚಿಕೊಂಡಿತು. ಕೆಳಗಿದ್ದ ಡಾಕ್ಟರ ಫೈಲೇ ಮುಚ್ಚಿಹೋಯಿತು.

ಡಾಕ್ಟರು ಕನ್ನಡಕ ಏರಿಸಿದರು. "ಇದು ರೊಟ್ಟಿನೋ, ಛತ್ರಿನೋ?"

"ನಮ್ಮ ಹಂಚೇ ಅಷ್ಟ ಅದರಿ," ಎಂದ ಅತ್ತೆಗೇ ನಗು ತಡೆಯಲಿಲ್ಲ.

ಅಂದಿನಿಂದ ಮನೆಯಲ್ಲಿ ಸಣ್ಣ ಹಂಚು. ತೂಕ ಇಳಿದದ್ದು ಮೂರೇ ಕಿಲೋ. ಈ ವಯಸ್ಸಿಗೆ, ಈ ತೊಂದರೆಗೆ ಅದು ಸಣ್ಣದಲ್ಲ ಎಂದರು ಡಾಕ್ಟರು. ರಕ್ತದ ಸಕ್ಕರೆಯೂ ಇಳಿದಿತ್ತು.

ಇವತ್ತು ಬೆಳಿಗ್ಗೆ ಭಾಲ್ಕಿಯಲ್ಲಿ ನಾನೇ ಹುಕ್ಕು ಹಾಕಿದೆ. ಒಂದು, ಎರಡು, ಮೂರು... ಕೊನೆಯದೂ ಕೂತಿತು. ಚರ್ಚಿನಲ್ಲಿ ಅತ್ತೆಯ ದನಿ ಎಲ್ಲರಿಗಿಂತ ಮೇಲಿತ್ತು.

ಊಟದ ಹೊತ್ತಿಗೆ ಮಾವ ಅಮೋಸ ಕೆಣಕಿದರು: "ಜಂಪರ ಮದವಿ ದಿನಾ ಭೀ ಇಷ್ಟೇ ಬಿಗಿ ಇತ್ತು, ನೋಡು."

"ಅವತ್ತ ಉಸರ ಹಿಡ್ಕೊಂಡ ನಿಂತಿದ್ದೆ," ಎಂದರು ಅತ್ತೆ, ತಟ್ಟೆಗೆ ಪಲ್ಯ ಬಡಿಸಿಕೊಳ್ಳುತ್ತ. "ಇವತ್ತ ಐದ ಹಾಡ ಹಾಡೀನಿ."