ತೊಟ್ಟಿಲಿಗೆ ಮೊದಲು ಹೋಗುವ ಬೊಂಬೆ

ನಮ್ಮ ಮನೆಯ ಮರದ ಬೊಂಬೆಯನ್ನು ಯಾರೂ ಕದಿಯಲಿಲ್ಲ. ನಾನೇ ಎತ್ತಿ ಕೊಟ್ಟೆ. ಒಣ ಜಂಬ, ಮತ್ತೇನೂ ಅಲ್ಲ.

ಆಗ ನಾನು ಕಾರವಾರದಿಂದ ದೇವಬಾಗಕ್ಕೆ ಪ್ರವಾಸಿಗರನ್ನು ದಾಟಿಸುವ ದೋಣಿ ನಡೆಸುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದಿರಬೇಕು. ಮುಂಬೈಯಿಂದ ಬಂದಿದ್ದ ಒಬ್ಬ ಹೆಂಗಸು ನನ್ನ ಜೊತೆ ಕೊಂಕಣಿಯಲ್ಲೇ ಮಾತಾಡುತ್ತಾ, ತನ್ನದು ಆಟಿಕೆಯ ಅಂಗಡಿ, ಹಳೆಯ ಬೊಂಬೆಗಳೆಂದರೆ ಪ್ರಾಣ ಎಂದಳು. 'ನಮ್ಮನೆಯಲ್ಲೂ ಒಂದಿದೆ, ಅಜ್ಜನ ಅಪ್ಪ ಕೆತ್ತಿದ್ದು' ಎಂದು ಕೊಚ್ಚಿಕೊಂಡೆ. ಆಯಿ, ಅಂದರೆ ನನ್ನ ತಾಯಿ, ಮೀನು ಮಾರಲು ಪೇಟೆಗೆ ಹೋಗಿದ್ದಳು. ಆ ಹೆಂಗಸನ್ನು ಬೈತಖೋಲದ ನಮ್ಮ ಮನೆಗೆ ಕರೆತಂದು, ಅಟ್ಟದ ಪೆಟ್ಟಿಗೆಯಿಂದ ಬೊಂಬೆ ತೆಗೆದು ತೋರಿಸಿದೆ. ಗೇಣುದ್ದದ್ದು, ಮೂಗು ಸವೆದದ್ದು, ವರ್ಷವರ್ಷ ಎಣ್ಣೆ ಕುಡಿದು ಕಪ್ಪಾದದ್ದು. ಅದರ ಎಡಗಾಲಿನ ಮೇಲೆ ಚಿಕ್ಕಂದಿನಲ್ಲಿ ನಾನು ಕಚ್ಚಿದ ನಾಲ್ಕು ಹಲ್ಲಿನ ಗುರುತು. ಆಕೆ ಬೆಲೆ ಕೇಳಿದಳು. 'ಛೇ, ಮನೆಗೆ ಬಂದವರ ಹತ್ತಿರ ದುಡ್ಡು ತಗೊಳ್ಳುವುದೇ? ಹಾಗೇ ಒಯ್ಯಿರಿ' ಎಂದುಬಿಟ್ಟೆ. ಮಹಾ ದಾನಶೂರ ನಾನು! ಆಕೆ ತನ್ನ ವಿಳಾಸದ ಚೀಟಿ ಕೊಟ್ಟು ಹೋದಳು.

ಬೇರೆಯವರ ಮನೆಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲು ಮಲಗಿಸಿ ತೂಗುತ್ತಾರೆ. ನಮ್ಮಲ್ಲಿ ಆ ಬೊಂಬೆ. ಬರುವ ಕೆಟ್ಟದ್ದೆಲ್ಲ ಅದಕ್ಕೆ ಬಡಿಯಲಿ, ಮಗು ಉಳಿಯಲಿ ಎಂದು. ನನ್ನನ್ನು, ನನ್ನ ತಂಗಿಯನ್ನು, ಅಂಕೋಲೆಯ ಅತ್ತೆಯ ಮಕ್ಕಳನ್ನು ಮಲಗಿಸುವ ಮೊದಲು ಅದನ್ನೇ ಮಲಗಿಸಿದ್ದರು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮನೆಯಲ್ಲಿ ಆಗ ತೊಟ್ಟಿಲೇ ಇರಲಿಲ್ಲವಲ್ಲ, ಯಾರಿಗೆ ಬೇಕಾಗುತ್ತದೆ ಅಂದುಕೊಂಡಿದ್ದೆ.

ಮರುವರ್ಷ ಅಮದಳ್ಳಿಗೆ ಕೊಟ್ಟ ತಂಗಿಯ ಮೊದಲ ಬಸಿರು ಇಳಿಯಿತು. ಅದರ ಮರುವರ್ಷ ಎರಡನೆಯದೂ. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಆ ಬೊಂಬೆಯ ಸವೆದ ಮೂಗೇ ಕಣ್ಣ ಮುಂದೆ ಬರುತ್ತಿತ್ತು. ಯಾರ ಹತ್ತಿರ ಹೇಳಲಿ?

ಮೂರನೆಯ ಸಲ ಏಳು ತಿಂಗಳು ತುಂಬಿ ತಂಗಿ ತವರಿಗೆ ಬಂದಳು. ಬಂದ ದಿನವೇ ಆಯಿ, "ತಮಾ, ಬೊಂಬೆ ಕೆಳಗೆ ಇಳಿಸು, ಎಣ್ಣೆ ಹಚ್ಚಿಡ್ತೆ" ಅಂದಳು.

"ಅದು ಅಂಕೋಲೆ ಅತ್ತೆ ಮನೇಲಿ ಉಂಟು" ಎಂದೆ. ಬಾಯಿಗೆ ಬಂದದ್ದು ಅಷ್ಟೇ.

"ಹಾಂಗಾರೆ ಹೋಗಿ ತಕಂಡ್ ಬಾ."

ತಂಗಿ ಗೋಡೆಗೆ ಒರಗಿ ಕೂತಿದ್ದಳು. "ಅಣ್ಣಾ, ಬೊಂಬೆ ಬರೂ ತನಕ ನಾ ತೊಟ್ಲು ಕಟ್ಟೂಕೆ ಬಿಡೂದಿಲ್ಲ ನೋಡು" ಅಂದಳು. ನಗುತ್ತಲೇ ಅಂದಳು, ಆದರೆ ಕೈಯನ್ನು ಹೊಟ್ಟೆಯ ಮೇಲಿಂದ ತೆಗೆಯಲಿಲ್ಲ.

ಅಂಕೋಲೆಗೆ ಹೋಗಿ ಅತ್ತೆಯ ಮುಂದೆ ಎಲ್ಲ ಹೇಳಿದೆ. ಅತ್ತೆ ಹಣೆ ಚಚ್ಚಿಕೊಂಡಳು. "ನಿಂಗೆ ಬುದ್ಧಿ ಅನ್ನೂದು ಉಂಟೇನೋ? ಮಾನಗೆಟ್ಟವ್ನೆ! ನಿನ್ ಆಯಿ ಕೇಳದ್ರೆ ನಾ ಎಂತಾ ಹೇಳ್ಲಿ?" ಬೈದದ್ದು ಬೈದು, ಕೊನೆಗೆ ಬಾಯಿ ಬಿಡುವುದಿಲ್ಲವೆಂದು ಒಪ್ಪಿದಳು. ದೋಣಿಯ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಮುಂಬೈ ರೈಲು ಹತ್ತಿದೆ.

ಚೀಟಿಯಲ್ಲಿದ್ದ ವಿಳಾಸದಲ್ಲಿ ಈಗ ಚಪ್ಪಲಿ ಅಂಗಡಿ. ಆಟಿಕೆ ಅಂಗಡಿ ಎಲ್ಲಿಗೆ ಹೋಯಿತೆಂದು ಅವರಿಗೆ ಗೊತ್ತಿಲ್ಲ. ಎರಡು ದಿನ ಅಂಥ ಅಂಗಡಿಗಳನ್ನೇ ಹುಡುಕುತ್ತಾ ಅಲೆದೆ. ಒಂದರಲ್ಲಿ ತುಕ್ಕು ಹಿಡಿದ ತಗಡಿನ ಮೋಟಾರುಗಳು, ಚಾವಿ ಕೊಟ್ಟರೂ ಓಡದವು. ಇನ್ನೊಂದರಲ್ಲಿ ಕಣ್ಣಿಲ್ಲದ ಪ್ಲಾಸ್ಟಿಕ್ ಕರಡಿಗಳು, ಮೈತುಂಬ ಹಸಿರು ನೀಲಿ ಬಣ್ಣ, ಪ್ರತಿಯೊಂದಕ್ಕೂ ಗಾಜಿನ ಗೂಡು, ಗೂಡಿಗೊಂದು ದೀಪ. ನಮ್ಮೂರ ದೇವರಿಗೂ ಅಷ್ಟು ಬೆಳಕಿರಲಿಲ್ಲ. ಇಡೀ ಅಂಗಡಿಯಲ್ಲಿ ಒಂದು ಮಗುವೂ ಇರಲಿಲ್ಲ. ಬರೀ ಕನ್ನಡಕದ ಗಂಡಸರು ಕೈ ಹಿಂದೆ ಕಟ್ಟಿ ನೋಡುತ್ತಿದ್ದರು. ನಾನು ಒಂದನ್ನು ಮುಟ್ಟಲು ಹೋದೆ. ಕೈಗವಸು ಹಾಕಿಕೊಂಡಿದ್ದ ಮಾರಾಟದವನು, ಮುಟ್ಟಬೇಡಿ ಎಂದು ಹಿಂದಿಯಲ್ಲಿ ಗದರಿದ. ಮುಟ್ಟದೆ ಆಡುವುದು ಹೇಗೆ ಮಾರಾಯಾ ಎಂದು ಕೇಳಬೇಕೆನಿಸಿತು. ನನ್ನ ಅಂಗಿಯಿಂದ ಮೀನಿನ ವಾಸನೆ ಬರುತ್ತಿದೆಯೇನೋ ಎಂದು ಅನುಮಾನವಾಗಿ ಹೊರಬಂದೆ. ಯಾರಿಗಾದರೂ ಹೇಳಿ ವಿವರಿಸೋಣವೆಂದರೆ ನನ್ನ ಹಿಂದಿ ದೋಣಿಯ ಬಾಡಿಗೆ ಹೇಳುವಷ್ಟೇ.

ಮೂರನೆಯ ದಿನ ಇನ್ನೊಬ್ಬ ಅಂಗಡಿಯವನು ಚೀಟಿ ನೋಡಿ, ಆಕೆ ಈಗ ಅಲ್ಲೇ ಎರಡು ಗಲ್ಲಿ ದಾಟಿ ಇದ್ದಾಳೆ ಎಂದ. ಹೋದೆ. ಆಕೆ ನನ್ನನ್ನು ಕೂಡಲೇ ಗುರುತು ಹಿಡಿದಳು, ಕುರ್ಚಿ ಕೊಟ್ಟಳು, ಚಹಾ ತರಿಸಿದಳು. 'ನಿಮ್ಮ ಬೊಂಬೆ ನೋಡಿ!' ಎಂದು ಕಪಾಟು ತೋರಿಸಿದಳು.

ಕಪಾಟಿನಲ್ಲಿ ಸಾಲಾಗಿ ನಮ್ಮ ಬೊಂಬೆ. ಒಂದಲ್ಲ, ಐದು. ಹನ್ನೆರಡೇ ಮಾಡಿಸಿದ್ದು, ಉಳಿದವು ಮಾರಿಹೋದವು ಎಂದಳು. ಬೊಂಬೆಯ ಅಚ್ಚು ತೆಗೆದು ಯಾವುದೋ ರಾಳದ ದ್ರಾವಣ ಎರೆದು ಮಾಡಿದ್ದಂತೆ. ಅದೇ ಸವೆದ ಮೂಗು, ಅದೇ ಕಪ್ಪು. ಎಡಗಾಲು ನೋಡಿದೆ. ಐದಕ್ಕೂ ನನ್ನ ನಾಲ್ಕು ಹಲ್ಲು.

'ಅಸಲಿದು?' ಎಂದೆ.

ಹೊರದೇಶದ ಸಂಗ್ರಹಕಾರನೊಬ್ಬ ಒಯ್ದನಂತೆ. ಯಾವ ದೇಶವೆಂದು ಹೇಳಿದಳು. ಕೇಳಿಸಿಕೊಂಡು ನಾನೇನು ಮಾಡಲಿ, ದೋಣಿ ಹುಟ್ಟು ಹಾಕಿಕೊಂಡು ಹೋಗಲೇ? ತಂಗಿಯ ವಿಷಯ ಹೇಳಿದೆ. ಆಕೆಯ ಕಣ್ಣಲ್ಲಿ ನೀರು ಬಂತು. ಅದು ನಾಟಕವಲ್ಲ. ಆಕೆಯನ್ನು ಬೈಯಲೂ ಆಗಲಿಲ್ಲ, ಕೊಟ್ಟವನು ನಾನು. 'ನೀವು ದುಡ್ಡು ತಗೊಳ್ಳಲಿಲ್ಲ, ನಾನೂ ತಗೊಳ್ಳುವುದಿಲ್ಲ' ಎಂದು ಒಂದನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟಳು. ರೈಲಿನಲ್ಲಿ ಅದರ ಪಾದದಡಿ ಅಚ್ಚಾಗಿದ್ದ ಏಳು ಎಂಬ ಅಂಕಿಯನ್ನು ಬ್ಲೇಡಿನಿಂದ ಹೆರೆದು ಹಾಕಿದೆ. ಮನೆಯಲ್ಲಿ ಆಯಿ ಕೇಳುವ ಮೊದಲೇ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ದೇವರ ಕೋಣೆಯಲ್ಲಿಟ್ಟೆ. ತಂಗಿ ಬಿಚ್ಚಿ ನೋಡಿ, ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿ, "ನಾಯಿ ಕಚ್ಚಿದಾಂಗೆ ಕಚ್ಚಿದ್ಯಲ್ಲೋ ಅಣ್ಣಾ" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು.

ಮಗು ಹುಟ್ಟಿತು. ಹೆಣ್ಣು. ಬೆಲ್ಲದಚ್ಚಿನ ಹಾಗೆ ಮುಷ್ಟಿಗಾತ್ರದ ಮುಖ. ಹನ್ನೆರಡನೆಯ ದಿನ ತೊಟ್ಟಿಲು. ಆಯಿ ನನಗೆ ಒಂದು ಬಿಂದಿಗೆ ಕೊಟ್ಟು, "ಸಮುದ್ರದ್ ನೀರು ತಕಂಡ್ ಬಾ, ಸೋದರಮಾವನೇ ತರೂದು" ಅಂದಳು. ಚಿಮುಕಿಸಲಿಕ್ಕೆ ಇರಬೇಕು ಅಂದುಕೊಂಡು ತಂದೆ.

ಬಚ್ಚಲಲ್ಲಿ ಆಯಿ ಆ ನೀರನ್ನು ದೊಡ್ಡ ತಾಮ್ರದ ಹಂಡೆಗೆ ಸುರಿದಳು. ಬೊಂಬೆಯನ್ನು ಎರಡು ಕೈಯಲ್ಲಿ ಹಿಡಿದು ಹೇಳಿದಳು: "ಮೊದ್ಲು ಇದು ತೇಲ್ಬೇಕು ತಮಾ. ಇದು ತೇಲಿದಾಂಗೆ ಕೂಸು ತೇಲ್ತದೆ. ನೀವಿಬ್ರೂ ಹುಟ್ಟಿದಾಗ ನಾನೇ ಬಿಟ್ಟಿದ್ದೆ."

ಅದು ಹೆಂಗಸರ ಶಾಸ್ತ್ರ, ನನಗೆ ಗೊತ್ತಿರಲಿಲ್ಲ. ಅಯ್ಯೋ, ಬೇಡ ಎನ್ನುವಷ್ಟರಲ್ಲಿ ಬಿಟ್ಟಳು.

ಬೊಂಬೆ ಮುಳುಗಿತು. ಹಂಡೆಯ ತಳಕ್ಕೆ ಬಡಿದ ಸದ್ದು ಕೇಳಿಸಿತು.

ಆಯಿ ನೀರನ್ನು ನೋಡಿದಳು, ಆಮೇಲೆ ನನ್ನನ್ನು. ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಮೊಣಕೈವರೆಗೆ ಕೈ ಇಳಿಬಿಟ್ಟು ಅದನ್ನೆತ್ತಿ, ಸೆರಗಿನಲ್ಲಿ ಒರೆಸಿ, ಒಳಗೆ ಹೋದಳು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

ನಮ್ಮ ಆಯಿ ನಲವತ್ತು ವರ್ಷ ಮೀನು ಮಾರಿದವಳು. ನಿನ್ನೆಯ ಬಂಗಡೆಯನ್ನು ಇವತ್ತಿನದೆಂದು ಒಂದು ದಿನವೂ ಹೇಳಿದವಳಲ್ಲ. 'ಇದು ನಿನ್ನೇದು, ಬೇಕಾರೆ ತಕ, ಇಲ್ದಿದ್ರೆ ಬಿಡು' ಎಂದು ಮುಖಕ್ಕೆ ಹೇಳುವವಳು.

ಅವಳು ಬೊಂಬೆಯನ್ನು ತೊಟ್ಟಿಲಲ್ಲಿ ಮಲಗಿಸಿದಳು. ತಂಗಿ ಮಗುವನ್ನು ಎದೆಗೆ ಅವಚಿಕೊಂಡು ಕೇಳಿದಳು, "ತೇಲ್ತಾ ಆಯಿ?"

"ತೇಲ್ತು ಮಗಾ, ಚಂದಾಗಿ ತೇಲ್ತು" ಅಂದಳು ಆಯಿ. ಮತ್ತೆ ನನ್ನ ಕಡೆ ನೋಡದೆ ತೊಟ್ಟಿಲು ತೂಗಿದಳು.